ಅಂಗನವಾಡಿಯಿಂದ ಒಂದನೇ ಕ್ಲಾಸಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆಗೆ ಸೇರಿಸುವ ಕಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಮೂರರಿಂದ ಆರು ವರ್ಷದ ಮಕ್ಕಳ ಬಗ್ಗೆಯೇ ಇರುತ್ತವೆ. ಕೂಲಿ, ಗಾರ್ಮೆಂಟ್ಸ್, ಗಾರೆ ಕೆಲಸ ಮಾಡುವ ಮನೆಗಳಿಂದ ಬಂದ ಆರು ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಮಗಳಿಗೆ ನಾಲ್ಕು ತುಂಬಿದೆ, ಅಂಗನವಾಡಿಗೆ ಹೋಗ್ತಾಳೆ. ಪಕ್ಕದ ಮನೆ ಹುಡುಗ ಕಾನ್ವೆಂಟ್ ಎಲ್‌ಕೆಜಿಯಲ್ಲಿ ನೂರರವರೆಗೆ ಬರೀತಾನೆ. ನಮ್ಮವಳು ಹಾಡು ಹೇಳ್ಕೊಂಡು ಬರ್ತಾಳೆ ಅಷ್ಟೇ. ಸಂಘದಲ್ಲಿ ಸಾಲ ಎತ್ತಿ ಅವಳನ್ನೂ ಅಲ್ಲಿಗೆ ಸೇರಿಸಲಾ? — ಒಬ್ಬ ತಾಯಿ, ಬೆಂಗಳೂರು

ಸಾಲ ಎತ್ತಬೇಡಿ. ಆ ಹುಡುಗ ನೂರರವರೆಗೆ ಬರೆಯುವುದಕ್ಕೂ ಅವನಿಗೆ ಲೆಕ್ಕ ಬರುವುದಕ್ಕೂ ನೇರ ಸಂಬಂಧವಿಲ್ಲ. ಬೇಕಿದ್ದರೆ ಮನೆಯಲ್ಲೇ ನೋಡಿ. ಹತ್ತು ಹುಣಸೆ ಬೀಜ ಮುಂದಿಟ್ಟು, "ಇದರಲ್ಲಿ ಐದು ಕೊಡು" ಅನ್ನಿ. ನೂರರವರೆಗೆ ಗಡಗಡ ಹೇಳುವ ಎಷ್ಟೋ ಮಕ್ಕಳು ಕೈಗೆ ಸಿಕ್ಕಷ್ಟನ್ನು ಬಾಚಿ ಕೊಟ್ಟುಬಿಡುತ್ತವೆ. ಬಾಯಿಪಾಠ ಮಾಡಿದ ಅಂಕಿ ಅವರಿಗೆ ಹಾಡಿನ ಸಾಲಿದ್ದ ಹಾಗೆ. ಐದು ಅಂದರೆ ಎಷ್ಟು ಎಂಬುದು ಬೇರೆಯೇ ಕಲಿಕೆ.

ಅದನ್ನು ಕಲಿಸುವುದು ಸುಲಭ. ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಒಂದೊಂದೇ ಬೀಜ ಹಾಕುತ್ತಾ ಎಣಿಸಲಿ. ನೆಲದ ಮೇಲೆ ಹರಡಿ ಎಣಿಸಲು ಬಿಟ್ಟರೆ ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಉಳಿಯುತ್ತದೆ, ಒಂದೇ ಬೀಜ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಎಣಿಸಿ ಮುಗಿದ ಮೇಲೆ "ಒಟ್ಟು ಎಷ್ಟು?" ಎಂದು ಕೇಳಿ. ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಲೆಕ್ಕ ಎಂಬುದು ಇನ್ನೂ ಹೊಳೆದಿಲ್ಲ ಎಂದರ್ಥ. ಬೈಯಬೇಡಿ, ಮೂರೇ ಬೀಜಕ್ಕೆ ಇಳಿಸಿ. ಮೂರು ಗಟ್ಟಿಯಾದ ಮೇಲೆ ಐದು, ಆಮೇಲೆ ಹತ್ತು. ಐದು ಬೀಜ ತೋರಿಸಿ ಎರಡನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು "ಕೈಲಿ ಎಷ್ಟಿದೆ?" ಎಂದು ಕೇಳುವ ಆಟಕ್ಕೆ ಬಂದರೆ ಒಂದನೇ ಕ್ಲಾಸಿನ ಲೆಕ್ಕಕ್ಕೆ ಅವಳು ತಯಾರು. (ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ ಆಟ ಮುಗಿದ ಕೂಡಲೇ ಬೀಜ ಎತ್ತಿಡಿ. ಮೂಗಿಗೆ ಹಾಕಿಕೊಳ್ಳುತ್ತವೆ.)

ಇನ್ನು ಬರವಣಿಗೆ. ನಾಲ್ಕು ವರ್ಷಕ್ಕೆ ಬೆರಳಿನ ಸ್ನಾಯು ಪೆನ್ಸಿಲ್ಲಿಗೆ ಪೂರ್ತಿ ಒಗ್ಗಿರುವುದಿಲ್ಲ. ಮಕ್ಕಳು ಸಾಮಾನ್ಯವಾಗಿ ಮೂರರ ಸುಮಾರಿಗೆ ಉದ್ದ ಗೆರೆ ಮತ್ತು ವೃತ್ತ, ನಾಲ್ಕರ ಸುಮಾರಿಗೆ ಕೂಡುವ ಗುರುತು, ಐದರ ಹತ್ತಿರ ಚೌಕ, ಆಮೇಲೆ ತ್ರಿಕೋನ ಬಿಡಿಸುತ್ತಾರೆ. ಈ ಸರದಿ ಮುಗಿಯುವ ಮೊದಲೇ ಎರಡು ಗೆರೆ ಕಾಪಿ ಕೊಟ್ಟು ಪುಟ ತುಂಬಿಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಒತ್ತಿ ಬರೆಯುತ್ತದೆ, ಅಕ್ಷರವನ್ನು ಕೆಳಗಿನಿಂದ ಶುರು ಮಾಡುತ್ತದೆ. ಆ ಹಿಡಿತ ಅಭ್ಯಾಸವಾದರೆ ಬಿಡಿಸುವುದು ಕಷ್ಟ, ಮೂರನೇ ಕ್ಲಾಸಿನಲ್ಲೂ ಅರ್ಧ ಪುಟಕ್ಕೇ ಕೈ ನೋಯುತ್ತದೆ ಎನ್ನುವ ಮಕ್ಕಳಿದ್ದಾರೆ. ಕನ್ನಡ ಅಕ್ಷರಗಳೋ ಪೂರ್ತಿ ಬಾಗು ಬಳುಕು. ಅದಕ್ಕೆ ಬೇಕಾದ ಕೈ ಕಾಪಿಗಿಂತ ಚೆನ್ನಾಗಿ ಅಡುಗೆಮನೆಯಲ್ಲಿ ತಯಾರಾಗುತ್ತದೆ. ನೆನೆಸಿದ ಅವರೆಕಾಳು ಹಿಚುಕುವುದು, ಕಡಲೆಕಾಯಿ ಸುಲಿಯುವುದು, ಹೆಬ್ಬೆರಳು ತೋರುಬೆರಳಲ್ಲಿ ರಂಗೋಲಿ ಪುಡಿ ಬಿಡುವುದು, ಇವೆಲ್ಲ ಪೆನ್ಸಿಲ್ ಹಿಡಿಯುವ ಅದೇ ಬೆರಳುಗಳ ಕೆಲಸ. ಬರೆಯಲು ಏನಾದರೂ ಕೊಡಲೇಬೇಕು ಅನ್ನಿಸಿದರೆ ಸ್ಲೇಟು ಮತ್ತು ಎರಡು ಸೆಂಟಿಮೀಟರಿನಷ್ಟು ಚಿಕ್ಕದಾಗಿ ಮುರಿದ ಸೀಮೆಸುಣ್ಣ ಕೊಡಿ. ತುಂಡು ಅಷ್ಟು ಚಿಕ್ಕದಿದ್ದರೆ ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಬೆರಳ ತುದಿಗೇ ಬರಬೇಕು.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಡೆಯುವ ನಲಿ-ಕಲಿ ಎಂಬ ಆಡುತ್ತಾ ಕಲಿಯುವ ಪದ್ಧತಿಯಲ್ಲಿ ಅಕ್ಷರ ಮೊದಲಿನಿಂದಲೇ ಶುರುವಾಗುತ್ತದೆ. ಅದೂ ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು, ಆಕಾರ ಹತ್ತಿರವಿರುವ ಅಕ್ಷರಗಳನ್ನು ಜೊತೆ ಮಾಡಿಕೊಂಡು. ಆದ್ದರಿಂದ ವರ್ಣಮಾಲೆ ಬರಲಿಲ್ಲವಲ್ಲ ಎಂದು ಈಗಲೇ ಕಂಗಾಲಾಗಬೇಡಿ.

ಆದರೆ ನಿಮ್ಮ ಅಂಗನವಾಡಿ ಹೇಗಿದೆ ಎಂದು ನೋಡುವುದು ಬೇಕು. ರಜೆ ಸಿಕ್ಕ ದಿನ ಹನ್ನೊಂದು ಗಂಟೆಗೆ ಹೋಗಿ ಅರ್ಧ ತಾಸು ಕೂತು ನೋಡಿ. ಆಟಿಕೆ ಮಕ್ಕಳ ಕೈಯಲ್ಲಿದೆಯೋ, ಬೀರುವಿನಲ್ಲಿ ಬೀಗ ಹಾಕಿದೆಯೋ? ಟೀಚರ್ ಕತೆ ಹೇಳಿ ಮಕ್ಕಳನ್ನು ಮಾತಾಡಿಸುತ್ತಾರೋ, ಊಟದವರೆಗೆ ಸುಮ್ಮನೆ ಕೂರಿಸುತ್ತಾರೋ? ಹಾಡು, ಆಟ, ಕತೆ ನಡೆಯುತ್ತಿದ್ದರೆ ಕಲಿಕೆ ನಡೆಯುತ್ತಿದೆ ಎಂದೇ ತಿಳಿಯಿರಿ. ಏನೂ ನಡೆಯುತ್ತಿಲ್ಲವಾದರೆ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ತಾಯಂದಿರೂ ಇರುತ್ತಾರೆ, ಅಲ್ಲಿ ಎತ್ತಿ. ಅದರ ಮೇಲೆ ವಲಯದ ಮೇಲ್ವಿಚಾರಕಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಇದ್ದಾರೆ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗ ದೇಶದಲ್ಲಿ ಆರಿಸಿದ್ದು 33 ಕಡೆ, ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಇಷ್ಟು ಹಳೆಯ ವ್ಯವಸ್ಥೆಯಲ್ಲಿ ಇಂದಿಗೂ ಟೀಚರನ್ನು ಸರ್ವೆಗೆ, ಮತದಾರರ ಪಟ್ಟಿಗೆ ಓಡಾಡಿಸುತ್ತಾರೆ ಎಂಬುದು ನಾಚಿಕೆಗೇಡು, ಆದರೆ ಅದಕ್ಕೆ ಟೀಚರನ್ನೇ ದೂರಬೇಡಿ. ನಡೆದು ಹೋಗುವಷ್ಟು ಹತ್ತಿರದಲ್ಲಿ ಎಲ್‌ಕೆಜಿ ಇರುವ ಸರ್ಕಾರಿ ಶಾಲೆ ಅಥವಾ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಅದನ್ನೂ ವಿಚಾರಿಸಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಉಚಿತ) ಸೀಟು ನಂಬಿಕೊಂಡು ಕೂರಬೇಡಿ: 2019–20ರಿಂದ ನಮ್ಮ ರಾಜ್ಯದಲ್ಲಿ ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಖಾಸಗಿ ಶಾಲೆಯ ಆ ಸೀಟು ಸಿಗುತ್ತದೆ.

ನನಗೂ ನನ್ನ ಹೆಂಡತಿಗೂ ಓದು ಬರಹ ಇಲ್ಲ. ಈ ಪತ್ರ ದೊಡ್ಡ ಮಗಳ ಕೈಲಿ ಬರೆಸ್ತಿದ್ದೀನಿ. ಮಗನಿಗೆ ಐದು ವರ್ಷ. ಮನೇಲಿ ಪುಸ್ತಕ ಇಲ್ಲ. ನಾವು ಏನು ಹೇಳಿಕೊಡೋಕಾಗುತ್ತೆ? — ಗಾರೆ ಕೆಲಸದವರು, ಶಿರಾ

ಮಾತು. ಮೊದಲ ಎರಡು ವರ್ಷದ ಓದಿಗೆ ಬೇಕಾದ ಬಂಡವಾಳ ಅದೇ. ಮಗು ಓದುವ ಪದ ಅದಕ್ಕೆ ಮೊದಲೇ ಕೇಳಿ ಗೊತ್ತಿದ್ದರೆ ಓದು ಸಲೀಸು. ಗೊತ್ತಿಲ್ಲದಿದ್ದರೆ ಅಕ್ಷರ ಕೂಡಿಸಿ ಓದಿದರೂ ಅರ್ಥವಾಗುವುದಿಲ್ಲ.

ಮನೆಯಲ್ಲಿ ಮಕ್ಕಳ ಜೊತೆ ಆಡುವ ಮಾತನ್ನು ಒಂದು ದಿನ ಗಮನಿಸಿ. "ಬಾ, ಕೂತ್ಕೊ, ತಿನ್ನು, ಸುಮ್ನಿರು": ಬಹುಪಾಲು ಅಪ್ಪಣೆಯೇ ಇರುತ್ತದೆ. ಅಪ್ಪಣೆಗೆ ಮಗು ಮಾತಲ್ಲಿ ಉತ್ತರ ಕೊಡಬೇಕಿಲ್ಲ. ಅದರ ಜೊತೆಗೆ ಕೆಲಸದ ಮಾತು ಸೇರಿಸಿ. ನಿಮ್ಮ ಕಸುಬಿನಲ್ಲೇ ಎಷ್ಟು ಪದ ಇವೆ ನೋಡಿ: ಕರಣೆ, ರಸಮಟ್ಟ, ತೂಕದ ಗುಂಡು, ಬಾಂಡ್ಲಿ, ಜಲ್ಲಿ. ಸಂಜೆ ಕರಣೆ ತೊಳೆಯುವಾಗ ಅವನ ಕೈಗೆ ಕೊಟ್ಟು ಹೇಳಿ: "ಇವತ್ತು ಮರಳು ಜರಡಿ ಹಿಡಿದ್ವಿ. ಯಾಕೆ ಹೇಳು? ಕಲ್ಲು ಉಳಿದ್ರೆ ಗೋಡೆ ನುಣ್ಣಗೆ ಬರಲ್ಲ. ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು." ಇದರಲ್ಲಿ ಕಾರಣ ಇದೆ, ಲೆಕ್ಕ ಇದೆ, ಮೊದಲು-ಆಮೇಲೆ ಇದೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಇರಬೇಕು.

ಅವನು ಅರ್ಧ ಹೇಳಿದ್ದನ್ನು ನೀವು ಪೂರ್ತಿ ಮಾಡಿ ಹೇಳಿ. "ಬಸ್ ಹೋಯ್ತು" ಅಂದರೆ, "ಹೌದು, ಮಧುಗಿರಿ ಬಸ್ ಹೋಯ್ತು. ತುಂಬಿತ್ತು, ಅದಕ್ಕೆ ನಿಲ್ಲಿಸಲಿಲ್ಲ." ತಪ್ಪು ಹೇಳಿದರೆ "ಹಂಗಲ್ಲ" ಎಂದು ತಡೆಯದೆ ಸರಿಯಾದದ್ದನ್ನು ನಿಮ್ಮ ಮಾತಲ್ಲಿ ಒಮ್ಮೆ ಹೇಳಿಬಿಡಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಕಾಯಿರಿ. ನಾವು ದೊಡ್ಡವರು ಕೇಳಿದ ತಕ್ಷಣ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ, ಮಗುವಿಗೆ ಬಾಯಿ ತೆರೆಯಲು ಜಾಗವೇ ಇರುವುದಿಲ್ಲ.

ಅಕ್ಷರ ಬಾರದವರೂ ಆಡಿಸಬಹುದಾದ ಇನ್ನೊಂದು ಆಟ ಚಪ್ಪಾಳೆ. ಮ-ಲ್ಲಿ-ಗೆ, ಮೂರು ಚಪ್ಪಾಳೆ. ರಾ-ಗಿ, ಎರಡು. ಆಮೇಲೆ "ಕ ಬರೋದು ಏನೇನಿದೆ?" ಕಪ್ಪೆ, ಕತ್ತೆ, ಕಡಲೆ. ಆಮೇಲೆ ಕಷ್ಟದ್ದು: "ಮಲ್ಲಿಗೆಯಲ್ಲಿ ಮ ಬಿಟ್ರೆ ಏನು ಉಳಿಯುತ್ತೆ?" ಕನ್ನಡದಲ್ಲಿ ಒಂದು ಚಪ್ಪಾಳೆಗೆ ಹೆಚ್ಚುಕಡಿಮೆ ಒಂದು ಅಕ್ಷರ. ಕಿವಿಗೆ ಈ ತುಂಡುಗಳು ಸಿಕ್ಕಿದ ಮಗುವಿಗೆ ಶಾಲೆಯಲ್ಲಿ ಆ ತುಂಡಿಗೊಂದು ಆಕಾರ ಕಲಿಯುವುದಷ್ಟೇ ಬಾಕಿ.

ಪುಸ್ತಕದ ಕೆಲಸ ನಿಮ್ಮ ದೊಡ್ಡ ಮಗಳಿಗೆ ಬಿಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅವಳು ಚಿತ್ರದ ಪುಸ್ತಕ ತಂದು ಓದಿ ಹೇಳಲಿ. ತಮ್ಮ ಅದೇ ಕತೆಯನ್ನು ಹತ್ತು ಸಲ ಕೇಳಿದರೂ ಓದಲಿ, ಅವನು ಮುಂದಿನ ಸಾಲು ತಾನೇ ಹೇಳತೊಡಗುವುದು ಹಾಗೆಯೇ. ಅವನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಲಿ.

ತಾಂಡಾದ ಮಗು ಅಂಗನವಾಡಿಗೆ ಬಂದು ಎರಡು ತಿಂಗಳಾದರೂ ಒಂದು ಮಾತಾಡಿಲ್ಲ. ಮನೆಯಲ್ಲಿ ಲಂಬಾಣಿ. ಮನೆಯಲ್ಲೂ ಕನ್ನಡ ಮಾತಾಡಿ ಅಂತ ತಾಯಿಗೆ ಹೇಳಬೇಕಾ? — ಅಂಗನವಾಡಿ ಕಾರ್ಯಕರ್ತೆ, ಕೂಡ್ಲಿಗಿ ತಾಲ್ಲೂಕು

ಹೇಳಬೇಡಿ ಟೀಚರ್. ತಾಯಿಗೆ ಅರೆಬರೆ ಬರುವ ಕನ್ನಡದಲ್ಲಿ ಮಾತಾಡಿದರೆ ಮನೆಯ ಮಾತು ಅಪ್ಪಣೆಗೆ ಇಳಿಯುತ್ತದೆ, ಕತೆ ಹೋಗುತ್ತದೆ, ಲಾವಣಿ ಹೋಗುತ್ತದೆ. ಲಂಬಾಣಿಯಲ್ಲಿ ಚೆನ್ನಾಗಿ ಮಾತಾಡುವ ಮಗು ಕನ್ನಡವನ್ನೂ ಬೇಗ ಹಿಡಿಯುತ್ತದೆ.

ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಮೌನವಾಗಿರುವುದು ಸಾಮಾನ್ಯ. ಆ ಹೊತ್ತು ಅದು ಕೇಳುತ್ತಿರುತ್ತದೆ. "ಹೇಳು, ಹೇಳು" ಎಂದು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದರೆ ಮೌನ ಇನ್ನೂ ಉದ್ದವಾಗುತ್ತದೆ. ಮೊದಲು ಮಾತಿಲ್ಲದ ಉತ್ತರ ಕೇಳಿ: "ಕೆಂಪು ಬಳಪ ತಗೊಂಡು ಬಾ", "ನಾಯಿ ಎಲ್ಲಿದೆ ತೋರಿಸು." ಮಾಡಿತು ಅಂದರೆ ಅರ್ಥವಾಗುತ್ತಿದೆ ಎಂದಾಯಿತು. ನೀವು ಹತ್ತಿಪ್ಪತ್ತು ಲಂಬಾಣಿ ಪದ ಕಲಿಯಿರಿ. ಯಾಡಿ (ಅಮ್ಮ), ಪಾಣಿ (ನೀರು), ಬಾಟಿ (ರೊಟ್ಟಿ) ಇಷ್ಟರಿಂದಲೇ ಶುರುವಾಗಲಿ. "ಬಾಟಿ, ರೊಟ್ಟಿ" ಎಂದು ಎರಡನ್ನೂ ಜೊತೆಗೆ ಹೇಳಿ. ಎರಡೂ ಭಾಷೆ ಬರುವ ಸ್ವಲ್ಪ ದೊಡ್ಡ ಮಗುವಿನ ಪಕ್ಕ ಕೂರಿಸಿ. ಮೊದಲ ಕನ್ನಡ ಮಾತು ಬಹುತೇಕ ಅಭಿನಯ ಗೀತೆಯಲ್ಲೇ ಹೊರಡುತ್ತದೆ, ಯಾಕೆಂದರೆ ಗುಂಪಿನ ದನಿಯಲ್ಲಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದನ್ನು ಮಾತ್ರ ತಾಯಿಯನ್ನು ತಪ್ಪದೆ ಕೇಳಿ: ಮನೆಯಲ್ಲಿ ಮಾತಾಡುತ್ತದಾ? ಅಲ್ಲೂ ಮಾತು ಕಡಿಮೆ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕಿವಿ ಸೋರುತ್ತದೆ ಎಂದರೆ ಅದು ಭಾಷೆಯ ವಿಷಯವಲ್ಲ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ) ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅಲ್ಲಿಯವರೆಗೂ ಕಾಯದೆ ಆಶಾ ಕಾರ್ಯಕರ್ತೆಯ ಮೂಲಕ ಕಿವಿ ಪರೀಕ್ಷೆಗೆ ಕಳಿಸಿ.

ಮೊಮ್ಮಗ ಜೂನ್‌ಗೆ ಶಾಲೆಗೆ ಹೋಗಬೇಕು. ಇನ್ನೂ ನಾನೇ ಉಣ್ಣಿಸಬೇಕು, ಕೈಲಿ ಮೊಬೈಲ್ ಇಲ್ಲದೆ ಬಾಯಿ ತೆರೆಯಲ್ಲ. ಚಡ್ಡಿ ಬಿಚ್ಚೋಕೂ ಬರಲ್ಲ. — ಒಬ್ಬ ಅಜ್ಜಿ, ಚಳ್ಳಕೆರೆ

ಅಜ್ಜಿ, ಅಕ್ಷರಕ್ಕಿಂತ ಇದು ಮುಖ್ಯ, ಎರಡು ತಿಂಗಳು ಮುಂಚೆ ಶುರು ಮಾಡಿ. ಮೂರು ಹೊತ್ತಿನ ಮೊಬೈಲನ್ನೂ ಒಂದೇ ದಿನ ಕಿತ್ತುಕೊಳ್ಳಬೇಡಿ. ಮೊದಲ ವಾರ ಬೆಳಿಗ್ಗೆಯ ಊಟಕ್ಕೆ ಮಾತ್ರ ಇಲ್ಲ. ತಟ್ಟೆಗೆ ನಾಲ್ಕೇ ತುತ್ತು ಹಾಕಿ ಎಲ್ಲರ ಜೊತೆ ಕೂರಿಸಿ. ತಿಂದರೆ ಇನ್ನಷ್ಟು, ತಿನ್ನದಿದ್ದರೆ ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಿಡಿ, ನಡುವೆ ಬಿಸ್ಕತ್ತು ಬೇಡ. ಎರಡನೇ ಮೂರನೇ ದಿನ ರಂಪ ಜೋರಾಗುತ್ತದೆ. ಆಗ ಮೊಬೈಲ್ ಕೊಟ್ಟರೆ ಎಷ್ಟು ಅತ್ತರೆ ಸಿಗುತ್ತದೆ ಎಂಬ ಲೆಕ್ಕ ಅವನಿಗೆ ಸಿಕ್ಕಿಬಿಡುತ್ತದೆ. ಚಮಚ ಬೇಕಿಲ್ಲ, ಬಿಸಿಯೂಟಕ್ಕೆ ಅನ್ನ ಸಾಂಬಾರ್ ಕಲಸಿ ತಿನ್ನಲು ಬಂದರೆ ಸಾಕು.

ಚಡ್ಡಿ ಎಲಾಸ್ಟಿಕ್‌ನದೇ ಇರಲಿ. ಹುಕ್ಕು, ಜಿಪ್ಪು, ಬೆಲ್ಟು ಇದ್ದರೆ ಬಿಚ್ಚುವಷ್ಟರಲ್ಲಿ ಒದ್ದೆಯಾಗಿರುತ್ತದೆ. ಶಾಲೆಯಲ್ಲಿ ಬಕೆಟ್ಟು ಮಗ್ಗು ಇರುತ್ತದೆ, ತಾನೇ ನೀರು ಹಾಕಿಕೊಂಡು ತೊಳೆದುಕೊಳ್ಳುವುದನ್ನು ಈಗಿನಿಂದ ರೂಢಿ ಮಾಡಿಸಿ, ಆಮೇಲೆ ಸೋಪಲ್ಲಿ ಕೈ. "ಟೀಚರ್, ಒಂದಕ್ಕೆ ಹೋಗ್ಬೇಕು" ಎಂದು ಗಟ್ಟಿಯಾಗಿ ಕೇಳಲು ಮನೆಯಲ್ಲೇ ಆಟದಂತೆ ಹೇಳಿಸಿ. ಶಾಲೆ ಶುರುವಾಗುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ ಶೌಚಾಲಯ ತೋರಿಸಿ ಬನ್ನಿ. ಹೆದರಿದ ಮಕ್ಕಳು ದಿನವಿಡೀ ತಡೆದುಕೊಳ್ಳುತ್ತವೆ, ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಡುತ್ತವೆ.

ಮಗಳು ಬೆಳಿಗ್ಗೆ ಟೀ, ಬನ್ನು ತಿಂದು ಅಂಗನವಾಡಿಗೆ ಹೋಗ್ತಾಳೆ. ತೂಕಡಿಸ್ತಾಳೆ, ಏನೂ ಕಲಿಯಲ್ಲ ಅಂತಾರೆ. — ಒಬ್ಬ ತಾಯಿ, ಮಂಡ್ಯ

ಟೀ ನಿಲ್ಲಿಸಿ. ಹಸಿವು ಮುಚ್ಚುತ್ತದೆ, ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆಯೂ ಮಾಡುತ್ತದೆ. ಅದೇ ಖರ್ಚಿನಲ್ಲಿ ಒಂದು ಲೋಟ ರಾಗಿ ಅಂಬಲಿ, ಬೆಲ್ಲ, ಒಂದು ಹಿಡಿ ಹುರಿಗಡಲೆ ಆಗುತ್ತದೆ. ಅಂಗನವಾಡಿಯಲ್ಲಿ ಆಹಾರ ಸಿಗುತ್ತದೆ. ಅದು ಮನೆಯ ಊಟದ ಮೇಲಿನ ಸೇರ್ಪಡೆ, ಮನೆಯ ಊಟಕ್ಕೆ ಬದಲು ಅಲ್ಲ.

ತೂಕಡಿಕೆಗೆ ರಕ್ತಹೀನತೆ ಕಾರಣವಾಗಿರಬಹುದು. ಐದು ವರ್ಷದೊಳಗಿನವರಿಗೆ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ 1 ಮಿಲಿ, ಊಟವಾದ ಮೇಲೆ. ಆಶಾ ಕೊಡುತ್ತಾರೆ. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬೇಡಿ. ಬಾಟಲಿ ಮಾತ್ರ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ, ಒಟ್ಟಿಗೆ ಕುಡಿದರೆ ಪ್ರಾಣಾಪಾಯ. ಜಂತುಹುಳದ ಮಾತ್ರೆ ವರ್ಷಕ್ಕೆರಡು ಸಲ, ಎರಡು ವರ್ಷ ತುಂಬಿದವರಿಗೆ 400 ಮಿಲಿಗ್ರಾಂ, ಅಗಿದು ತಿನ್ನಬೇಕು. ಟೀಚರ್ ಬಳಿ ತೋಳಿನ ಸುತ್ತಳತೆಯ ಪಟ್ಟಿ ಇದೆ, ಅಳೆಸಿ. ಐದು ವರ್ಷದೊಳಗೆ 12.5 ಸೆಂ.ಮೀ.ಗಿಂತ ಕಡಿಮೆ ಬಂದರೆ ವೈದ್ಯರಿಗೆ ತೋರಿಸಬೇಕು, 11.5ಕ್ಕಿಂತ ಕಡಿಮೆ ಬಂದರೆ ಅವತ್ತೇ ಹೊರಡಿ.

ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದಿದ್ದೀವಿ. ಮಗ ಹುಟ್ಟಿದ್ದು 2021ರ ಮಾರ್ಚ್ ಕೊನೆಗೆ, ಮನೆಯಲ್ಲೇ. ಜನನ ಪತ್ರ, ಆಧಾರ್ ಎರಡೂ ಇಲ್ಲ. ವಯಸ್ಸು ಒಂದು ವರ್ಷ ಜಾಸ್ತಿ ಬರೆಸಿದರೆ 2026ಕ್ಕೇ ಒಂದನೇ ಕ್ಲಾಸ್ ಆಗುತ್ತೆ ಅಂತ ಮೇಸ್ತ್ರಿ ಹೇಳ್ತಾರೆ. — ಒಬ್ಬ ತಂದೆ, ಬೆಂಗಳೂರು

ಮೇಸ್ತ್ರಿ ಮಾತು ಕೇಳಬೇಡಿ. ಶಾಲೆಗೆ ಸೇರುವಾಗ ಬರೆಸಿದ ದಿನಾಂಕವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿವರೆಗೆ ಹೋಗುತ್ತದೆ. ಆಮೇಲೆ ತಿದ್ದಿಸಲು ಕೋರ್ಟು ಕಚೇರಿ ಅಲೆಯಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025–26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು, ಅದೂ ಎಲ್‌ಕೆಜಿ, ಯುಕೆಜಿ ಮುಗಿಸಿದವರಿಗೆ. ನಿಮ್ಮ ಮಗನಿಗೆ 2026ರ ಜೂನ್‌ಗೆ 5 ವರ್ಷ 2 ತಿಂಗಳು, ಯಾವ ಲೆಕ್ಕದಲ್ಲೂ ಆಗುವುದಿಲ್ಲ. ಆ ವರ್ಷ ಅಂಗನವಾಡಿಯಲ್ಲಿರಲಿ, 2027ಕ್ಕೆ ಸೇರಿಸಿ. ಒಂದು ವರ್ಷ ಬಲಿತು ಹೋದ ಮಗುವಿಗೆ ಕೂರುವುದು, ಕೇಳುವುದು, ಬರೆಯುವುದು ಎಲ್ಲವೂ ಹಗುರ.

ದಾಖಲೆ ಇಲ್ಲವೆಂದು ಅಂಗನವಾಡಿಗೆ ಹೋಗುವುದನ್ನು ತಡ ಮಾಡಬೇಡಿ. ಕೆಲಸದ ಜಾಗಕ್ಕೆ ಹತ್ತಿರದ ಕೇಂದ್ರದಲ್ಲಿ ಹೆಸರು ಬರೆಸಿ. ಊರಿನ ಅಂಗನವಾಡಿಯಲ್ಲಿ ಹೆಸರಿದ್ದರೆ ಪೋಷಣ್ ಟ್ರ್ಯಾಕರಿನಲ್ಲಿ (ಅಂಗನವಾಡಿಯ ಮೊಬೈಲ್ ಆ್ಯಪ್) ಇಲ್ಲಿಗೆ ವರ್ಗ ಮಾಡಿಕೊಳ್ಳಲು ಟೀಚರಿಗೆ ಹೇಳಿ. ಶಾಲೆಗೂ ಅಷ್ಟೇ: ವಯಸ್ಸಿನ ಪುರಾವೆ ಇಲ್ಲವೆಂದು ಸೇರಿಸಿಕೊಳ್ಳದಿರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ಹೇಳುತ್ತದೆ. ಜನನ ಪತ್ರ ಇಲ್ಲದಿದ್ದರೆ ಆಸ್ಪತ್ರೆ ಅಥವಾ ಎಎನ್‌ಎಂ (ಆರೋಗ್ಯ ಸಹಾಯಕಿ) ರಿಜಿಸ್ಟರು, ಅಂಗನವಾಡಿ ದಾಖಲೆ, ಅದೂ ಇಲ್ಲದಿದ್ದರೆ ತಂದೆ ತಾಯಿಯ ಘೋಷಣೆ ನಡೆಯುತ್ತದೆ. ಆಧಾರ್ ಇಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ, 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮ ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಎಚ್ಚರ: 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಕಾಯ್ದೆ ಒಪ್ಪುವುದು ಜನನ ಪತ್ರವನ್ನೇ.

ಜನನ ಪತ್ರ ಈಗ ಮಾಡಿಸಲು ಊರಿಗೇ ಹೋಗಬೇಕು, ಹುಟ್ಟಿದ ಜಾಗದಲ್ಲೇ ನೋಂದಣಿ. ವರ್ಷ ದಾಟಿರುವುದರಿಂದ ಉಪವಿಭಾಗಾಧಿಕಾರಿ ಮಟ್ಟದ ಆದೇಶ ಬೇಕಾಗುತ್ತದೆ. ಹೋಗುವಾಗ ತಾಯಿ ಕಾರ್ಡು, ಚುಚ್ಚುಮದ್ದಿನ ದಿನಾಂಕ ಇರುವ ಪುಟ, ನಿಮ್ಮಿಬ್ಬರ ಗುರುತಿನ ಚೀಟಿ ಒಯ್ಯಿರಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗುವಾಗ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಬಿಡಿಸಬೇಡಿ, ತಂದೆ ತಾಯಿಯ ಹೆಸರು ಅವರವರ ಆಧಾರ್‌ನಲ್ಲಿ ಇದ್ದಂತೆಯೇ ಬರೆಸಿ. ಅದು ಕೈಗೆ ಬಂದ ಮೇಲೆ ಮಗನಿಗೆ ಆಧಾರ್ ಮಾಡಿಸಿ. ಮೊದಲು ಆಧಾರ್ ಮಾಡಿಸಿ ಅದರಲ್ಲಿ ಅಂದಾಜಿನ ದಿನಾಂಕ ಬಿದ್ದರೆ ಎರಡು ಕಡೆ ಎರಡು ವಯಸ್ಸಾಗುತ್ತದೆ. ಇನ್ನು ವರ್ಷದ ನಡುವೆ ಕೆಲಸದ ಜಾಗ ಬದಲಾದರೆ ಹಳೆಯ ಶಾಲೆಯಿಂದ ಟಿಸಿ ಕೇಳಿ ತನ್ನಿ. ಅದು ಬರುವುದು ತಡವಾದರೂ ಹೊಸ ಶಾಲೆ ಅದಕ್ಕಾಗಿ ಕಾಯಿಸುವಂತಿಲ್ಲ, ಮರುದಿನವೇ ಮಗನನ್ನು ಕರೆದುಕೊಂಡು ಹೋಗಿ.